ತೆರೆದವರೇ ಮುಚ್ಚಬೇಕು

ಗ್ರೀನ್‌ವಿಲ್, ಟೆನೆಸ್ಸೀ
ಅಕ್ಟೋಬರ್ 14, ಶನಿವಾರ

ಆರ್ವಿಲ್‌ಗೆ,

ನನ್ನ ಕೈಬರಹ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಆದರೆ ಒಬ್ಬ ಮನುಷ್ಯ ಸತ್ತಿದ್ದಾನೋ ಬದುಕಿದ್ದಾನೋ ಅಂತ ನನ್ನನ್ನು ಒಬ್ಬರು ಕೇಳಿದ್ದಾರೆ. ಆ ಮನುಷ್ಯ ನೀನೇ ಆದ್ದರಿಂದ ನಿನ್ನನ್ನೇ ಕೇಳಿ ಉತ್ತರ ಕೊಡೋಣ ಅಂತ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ತಂಗಿ ನೆಟ್ಟಿ ಎತ್ತುತ್ತಾಳೆ, "ಅವನು ಹೊರಗೆಲ್ಲೋ ಹೋಗಿದ್ದಾನೆ ಅತ್ತಿಗೆ" ಅನ್ನುತ್ತಾಳೆ, ಅವಳ ಹಿಂದೆಯೇ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ಕಾಗದದಲ್ಲಿ ಕೆಮ್ಮು ಕೇಳಿಸುವುದಿಲ್ಲ.

ಮಾರ್ಚ್‌ನಲ್ಲಿ ಟ್ರಕ್ ಹತ್ತಿ ನೆಟ್ಟಿಯ ಮನೆಗೆ ಹೋಗುವಾಗ ನೀನು ಕಿಟಕಿ ಇಳಿಸಿ ಒಂದೇ ಮಾತು ಆಡಿದ್ದು: "ಚಾಕುಗಳನ್ನ ಮಾರಿ ಹಾಕು, ನಿಂಗೆ ಅವು ಕಂಡ್ರಾಗಲ್ವಲ್ಲ." ಒಂದೆರಡು ತಿಂಗಳು ನೀನು ವರ್ಷಗಟ್ಟಲೆ ಕೂಡಿಹಾಕಿದ ಆ ಹಳೆಯ ಮಡಚುವ ಚಾಕುಗಳ ತಂಟೆಗೆ ಹೋಗಲಿಲ್ಲ. ಆಮೇಲೆ ಊಟದ ಮನೆಯಲ್ಲಿ ಒಬ್ಬಳೇ ಕೂತು ತಿನ್ನುವಾಗ ನಾಲ್ಕೂ ಗಾಜಿನ ಪೆಟ್ಟಿಗೆಗಳೊಳಗಿಂದ ಅವು ನನ್ನನ್ನೇ ನೋಡುತ್ತಿವೆ ಅನ್ನಿಸತೊಡಗಿತು. ಮಾರುವುದೇ ಸರಿ ಅಂದುಕೊಂಡೆ. ನಮ್ಮ ಚರ್ಚಿನ ವರ್ಡೀ ಹಳೆಯ ಗಾಜಿನ ಬಟ್ಟಲುಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುತ್ತಾಳಲ್ಲ, ಅವಳೇ ಎಲ್ಲಾ ಹೇಳಿಕೊಟ್ಟಳು. ಫೋಟೋ ತೆಗೆಯುವುದು, ಆರಂಭದ ಬೆಲೆ ಹಾಕುವುದು, ಒಂದು ವಾರ ಕಾಯುವುದು. ಕಷ್ಟವೇನಿಲ್ಲ, ತಾಳ್ಮೆ ಇದ್ದರಾಯಿತು ಅಂದಳು. ತಾಳ್ಮೆ ನನಗೆಷ್ಟಿದೆ ಅಂತ ನಿನಗೆ ಗೊತ್ತು.

ಮೊದಲನೆಯ ಚಾಕು ಚೆನ್ನಾಗಿ ಕಾಣಲಿ ಅಂತ ಟೂತ್‌ಪೇಸ್ಟ್ ಹಾಕಿ ಉಜ್ಜಿ ಫಳಫಳ ಮಾಡಿದೆ. ಈಗ ನೀನು ಎಲ್ಲಿದ್ದೀಯೋ ಅಲ್ಲೇ ಕೂತುಕೋ. ಕೊಂಡ ಒಹಾಯೋದವನು ಬರೆದ: "ಅಮ್ಮಾ, ಎಂಬತ್ತು ವರ್ಷ ಕೂತು ಬಂದ ಬಣ್ಣಾನ ಒಂದು ಮಧ್ಯಾಹ್ನದಲ್ಲಿ ತೊಳೆದುಬಿಟ್ರಿ. ಕೈಮುಗಿದು ಕೇಳ್ಕೋತೀನಿ, ಉಳಿದಿದ್ದನ್ನ ಮುಟ್ಟಬೇಡಿ." ನನಗೆ ಉರಿದುಹೋಯಿತು. ಸ್ವಚ್ಛ ಮಾಡಿದ್ದಕ್ಕೆ ಬೈಸಿಕೊಂಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಆದರೆ ಉರಿ ಆರಿದ ಮೇಲೆ ಒಂದು ಕುತೂಹಲ ಹುಟ್ಟಿತು. ಕೊಳೆಯನ್ನೇ ದುಡ್ಡು ಕೊಟ್ಟು ಕೊಳ್ಳುವ ಈ ಜನ ಯಾರು? ನಲವತ್ತೊಂದು ವರ್ಷ ಅಂಥವನೊಬ್ಬನ ಜೊತೆ ಸಂಸಾರ ಮಾಡಿಯೂ ಒಂದು ದಿನ ಕೇಳಿದವಳಲ್ಲ ನಾನು.

ಅವರ ಪ್ರಶ್ನೆಗಳಿಗೆ ಕೊನೆಯೇ ಇಲ್ಲ ಆರ್ವಿಲ್. ಹಿಡಿಯ ಮೂಳೆ ಯಾವ ಪ್ರಾಣಿಯದು, ಅಲಗಿಗೆ ಯಾವತ್ತಾದರೂ ಸಾಣೆ ಹಿಡಿದಿದ್ದಾರಾ, ಮನೆಯಲ್ಲಿ ಸಿಗರೇಟು ಸೇದುವವರಿದ್ದಾರಾ. ಒಬ್ಬನಿಗಂತೂ ಚಾಕು ಮುಚ್ಚುವ ಸದ್ದು ಕೇಳಬೇಕಿತ್ತು. ಜಾರ್ಜಿಯಾದವನು. ಫೋಟೋದಲ್ಲಿ ಎಲ್ಲಾ ಕಾಣುತ್ತೆ, ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನೋದು ಮಾತ್ರ ಕಾಣಲ್ಲ, ಅದು ಕಿವಿಗೇ ಗೊತ್ತಾಗೋದು ಅಂದ. ಸರಿ, ಅಡುಗೆಮನೆಯ ಮೇಜಿನ ಮುಂದೆ ಕೂತು ಫೋನಿನ ಪಕ್ಕ ಚಾಕು ಹಿಡಿದು ತೆರೆದೆ, ಮುಚ್ಚಿದೆ, ತೆರೆದೆ, ಮುಚ್ಚಿದೆ. "ಇನ್ನೊಂದ್ಸಲ ಅಮ್ಮಾ" ಅನ್ನುತ್ತಾನೆ. ಆ ಕಡೆ ಅವನ ಹೆಂಡತಿ "ಊಟ ಆರಿ ಹೋಗ್ತಿದೆ, ಯಾವಳ ಜೊತೆ ಮಾತು ನಿಂದು" ಅಂತ ಕೂಗುವುದು ಕೇಳಿಸಿತು. ನನಗೆ ಅವಳ ಮೇಲೆ ಎಷ್ಟು ಅಕ್ಕರೆ ಬಂತು ಅಂದರೆ ಚಾಕುವಿನ ಬೆಲೆ ಸ್ವಲ್ಪ ಇಳಿಸಿಬಿಟ್ಟೆ.

ಇನ್ನು ಹರಾಜು. ವಾರವೆಲ್ಲಾ ಒಬ್ಬನೂ ಕಣ್ಣೆತ್ತಿ ನೋಡುವುದಿಲ್ಲ. ಕೊನೆಯ ನಿಮಿಷದಲ್ಲಿ ಎಲ್ಲರಿಗೂ ಒಟ್ಟಿಗೆ ಮೈಮೇಲೆ ಬರುತ್ತದೆ. ನಾನು ಒಲೆಯ ಮೇಲಿದ್ದುದನ್ನು ಸೀಯಿಸಿಕೊಂಡು ನೋಡುತ್ತಾ ಕೂತಿರುತ್ತೇನೆ. ಗೆದ್ದವನು ಮಾರನೆಯ ದಿನ ಬರೆಯುತ್ತಾನೆ: ಮನೆಯಲ್ಲಿ ಗೊತ್ತಾಯಿತು, ಚಾಕು ಬೇಡ, ಕ್ಷಮಿಸಿ. ಇನ್ನೊಬ್ಬ ಪೆಟ್ಟಿಗೆ ತಲುಪಿದ ಮೇಲೆ ಫೋಟೋದಲ್ಲಿದ್ದ ಹಿಡಿ ಇಷ್ಟು ಕಪ್ಪಗಿರಲಿಲ್ಲ ಅಂತ ತಗಾದೆ ತೆಗೆಯುತ್ತಾನೆ. ಅದಕ್ಕೆ ನಾನು ನಿಮ್ಮ ಮನೆಯ ದೀಪ ಬದಲಾಯಿಸಿ ನೋಡಿ ಅಂತ ಬರೆದೆ. ಬದಲಾಯಿಸಿ ನೋಡಿದನಂತೆ, ಸರಿಯಾಯಿತಂತೆ. ವರ್ಡೀ ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

ಒಬ್ಬನನ್ನು ನಾನೇ ಕೇಳಿದೆ. ಏನನ್ನೂ ಕುಯ್ಯದ ಚಾಕು ಇಟ್ಟುಕೊಂಡು ನೀವು ಏನು ಮಾಡುತ್ತೀರಿ ಅಂತ. ಅವನು ಹೀಗೆ ಬರೆದ: "ಮಾಡೋದೇನಿಲ್ಲ ಅಮ್ಮಾ. ಅಂಗಡಿಯವನು ಕುಯ್ಯಲಿಲ್ಲ, ಅವನ ಮಗ ಕುಯ್ಯಲಿಲ್ಲ, ನಂಗೆ ಮಾರಿದವನೂ ಕುಯ್ಯಲಿಲ್ಲ. ಹಾಳು ಮಾಡಿದವನು ನಾನೇ ಅಂತ ಆಗಬಾರದು, ಅಷ್ಟೇ." ಫೆಬ್ರವರಿಯಲ್ಲಿ ನಿನ್ನ ಹಳದಿ ಹಿಡಿಯ ಚಾಕುವಿನಲ್ಲಿ ನಾನು ಕೋಳಿಕಾಳಿನ ಚೀಲ ಕುಯ್ದಾಗ ನಿನ್ನ ಮುಖ ಯಾಕೆ ಹಾಗಾಯಿತು ಅಂತ ಅವತ್ತು ಸ್ವಲ್ಪ ತಿಳಿಯಿತು. ಆದರೂ ಮೂರು ದಿನ ಮಾತು ಬಿಡುವಂಥದ್ದಲ್ಲ ಅದು. "ಕುಯ್ಯದ ಚಾಕು, ಮಾತಾಡದ ಗಂಡ, ಒಂದೇ ಮನೇಲಿ ಎರಡು ಬೇಡ" ಅಂತ ನಾನು ಅಂದಿದ್ದು ಆ ಮೂರನೆಯ ದಿನ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎಲ್ಲಾ ಮಾರಿದ ಮೇಲೆ ಒಂದು ಉಳಿಯಿತು. ನಿನ್ನ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿ ಮುಚ್ಚಿದಾಗ ಡಬ್ಬದ ಸಮೇತ ಸಿಕ್ಕಿದ್ದು, ಹಸಿರು ಮೂಳೆಯ ಹಿಡಿಯದು. ಭಾನುವಾರ ಚರ್ಚಿನಿಂದ ಬಂದು ಎಣ್ಣೆ ಒರೆಸಿ, ಒಂದೇ ಸಲ ತೆರೆದು ಮುಚ್ಚಿ, ಮತ್ತೆ ಡಬ್ಬಕ್ಕೆ ಇಡುತ್ತಿದ್ದೆಯಲ್ಲ, ಅದು. ನೀನು ಹೋದ ದಿನ ಬೆಳಿಗ್ಗೆ ಅದನ್ನು ತೆರೆದು ಅಡುಗೆಮನೆಯ ಮೇಜಿನ ಮೇಲೆ ಬಿಟ್ಟುಹೋದೆ. ತೆರೆದೇ ಇತ್ತು. ನಾನು ಅದರ ಸುತ್ತ ಮೇಜು ಒರೆಸಿದೆ, ಅದರ ಸುತ್ತ ಹಿಟ್ಟು ನಾದಿದೆ, ಮುಚ್ಚಲಿಲ್ಲ. ಮಡಚುವ ಚಾಕು ತೆರೆದವರೇ ಮುಚ್ಚಬೇಕು, ಬೇರೆಯವರು ಮುಚ್ಚಿದರೆ ಇಬ್ಬರಿಗೂ ಆಗಿಬರುವುದಿಲ್ಲ ಅಂತ ನಿನ್ನ ಅಮ್ಮ ಅನ್ನುತ್ತಿದ್ದಳು, ನನ್ನ ಅಮ್ಮನೂ ಅನ್ನುತ್ತಿದ್ದಳು. ನಾನು ಇಂಥದ್ದನ್ನೆಲ್ಲಾ ನಂಬುವವಳಲ್ಲ. ಆದರೂ ಮುಚ್ಚಲಿಲ್ಲ.

ತೆರೆದಿರುವ ಹಾಗೆಯೇ ಫೋಟೋ ತೆಗೆದು ಹರಾಜಿಗೆ ಹಾಕಿದೆ. ಅರ್ಕಾನ್ಸಾದ ಕ್ಲೋವಿಸ್ ಪ್ರುಯಿಟ್ ಅನ್ನುವ ಮುದುಕ ಗೆದ್ದ. ಅಲಗಿನ ತುದಿಗೆ ಕಾರ್ಕು ಸಿಕ್ಕಿಸಿ, ಉದ್ದದ ಡಬ್ಬ ಹುಡುಕಿ, ತೆರೆದಿದ್ದನ್ನೇ ಅಂಚೆಗೆ ಹಾಕಿದೆ. ತಲುಪಿದ ದಿನವೇ ಅವನ ಫೋನ್. "ಅಮ್ಮಾ, ನೀವು ಬಾಯಿ ಬಿಟ್ಟಿರೋ ಚಾಕು ಕಳಿಸಿದ್ದೀರಿ." ಮುಚ್ಚಿಕೊಳ್ಳಿ ಅಂದೆ. "ಎಪ್ಪತ್ತಾರು ವರ್ಷ ಬದುಕಿದ್ದೀನಿ, ಇನ್ನೊಬ್ಬ ತೆರೆದಿದ್ದನ್ನ ಮುಚ್ಚಿದವನಲ್ಲ, ಈ ವಯಸ್ಸಲ್ಲಿ ಶುರು ಮಾಡಲ್ಲ" ಅಂದ. ವಾಪಸ್ ಕಳಿಸಿದ. ವಾಪಸಿಗೆ ಕಾರಣ ಏನು ಅಂತ ಆ ಹರಾಜಿನವರು ಕೇಳುತ್ತಾರೆ. ಒಡೆದಿದೆ, ಬೇರೆ ವಸ್ತು ಬಂದಿದೆ, ಮನಸ್ಸು ಬದಲಾಗಿದೆ, ಇಷ್ಟೇ ಅಲ್ಲಿರುವುದು. ಅವನು "ಇತರೆ" ಒತ್ತಿದ್ದಾನೆ.

ಆದರೆ ಅವನಿಗೆ ಚಾಕು ಬೇಕಂತೆ. ತೆರೆದವರೇ ಮುಚ್ಚಿ ಕಳಿಸಿದರೆ ಅದೇ ಬೆಲೆಗೆ ತೆಗೆದುಕೊಳ್ಳುತ್ತಾನಂತೆ. ನಾನೇ ಮುಚ್ಚಿ ನೀನು ಮುಚ್ಚಿದೆ ಅಂತ ಸುಳ್ಳು ಹೇಳಬಹುದಿತ್ತು. ಅಷ್ಟರಲ್ಲಿ ಅವನು ಫೋನಿನಲ್ಲಿ ಇನ್ನೊಂದು ಮಾತು ಕೇಳಿದ. "ಅಲಗಿನ ಮೇಲೆ ಒಂದೇ ಒಂದು ಕಲೆ ಇದೆ, ನೀಲಿ ಬಣ್ಣದ್ದು. ಸೇಬಿನ ಹುಳಿ ತಾಗಿದ ಕಲೆ, ಹೊಸದು. ಮಿಕ್ಕಿದ್ದೆಲ್ಲಾ ಅಂಗಡಿಯಿಂದ ಬಂದ ಹಾಗಿದೆ. ಈ ಚಾಕು ಹುಟ್ಟಿದಾಗಿಂದ ಸುಲಿದಿರೋದು ಒಂದೇ ಸೇಬು. ಇಂಥ ಚಾಕುವಿನಲ್ಲಿ ಸೇಬು ಸುಲಿಯೋನು ಏನೂ ಗೊತ್ತಿಲ್ಲದ ದಡ್ಡ ಆಗಿರಬೇಕು, ಇಲ್ಲಾ ಎಲ್ಲಾ ಗೊತ್ತಿದ್ದೂ ಯಾರಿಗೋ ಏನೋ ಹೇಳೋಕೆ ಹೊರಟವನಾಗಿರಬೇಕು. ಯಾರಮ್ಮಾ ಅವನು?"

ನೀನು ಹೊರಟ ಬೆಳಿಗ್ಗೆ ನೆನಪಾಯಿತು. ಆ ಬೆಳಿಗ್ಗೆ ನೀನು ಡಬ್ಬದಿಂದ ಅದನ್ನು ತೆಗೆದು ಬಂದೆ, ಮೇಜಿನ ಮುಂದೆ ಕೂತೆ, ಒಂದು ಸೇಬು ಸುಲಿದೆ, ನಾಲ್ಕು ಹೋಳು ಮಾಡಿ ನನ್ನ ಮುಂದೆ ತಳ್ಳಿದೆ. ಒಂದು ಮಾತೂ ಆಡಲಿಲ್ಲ. ನಾನು "ಈಗ ಇದೇನು ನಾಟಕ" ಅಂದೆ. ನೀನು ಚಾಕು ಅಲ್ಲೇ ಇಟ್ಟು ಟೋಪಿ ಹಾಕಿಕೊಂಡು ಹೊರಟುಹೋದೆ. ಆಗ ನನಗೆ ಅದು ನಿನ್ನ ಚಾಕುಗಳಲ್ಲಿ ಇನ್ನೊಂದು, ಯಾವುದೋ ಸೇಬು. ಆ ಸೇಬು ನಾನು ತಿನ್ನಲೂ ಇಲ್ಲ, ಕೋಳಿಗಳಿಗೆ ಹಾಕಿದೆ. ನೀನು ನಿನ್ನ ಅತ್ಯಂತ ಒಳ್ಳೆಯ ಚಾಕುವನ್ನು ನನ್ನ ಎದುರಿಗೇ ಹಾಳು ಮಾಡಿ ತೋರಿಸಿದ್ದೆ ಅಂತ ಅರ್ಕಾನ್ಸಾದವನೊಬ್ಬ ಹೇಳಬೇಕಾಯಿತು. ಫೋನ್ ಇಟ್ಟ ಮೇಲೆ ಅತ್ತೆ. ಬಾಯಿ ಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಆಮೇಲೆ ಬೈದೆ ಕೂಡ. ಎರಡನ್ನೂ ಬರೆಯುತ್ತಿದ್ದೇನೆ, ಬೇಕಾದ್ದನ್ನು ಓದಿಕೋ.

ಮರುದಿನ ಕ್ಲೋವಿಸ್ ಒಂದು ದಾರಿ ಬರೆದು ಕಳಿಸಿದ. ಅವನ ಅಜ್ಜಿಯ ಪ್ರಕಾರ ಚಾಕು ತೆರೆದವನು ಸತ್ತುಹೋಗಿದ್ದರೆ ಹೆಂಡತಿ ಮುಚ್ಚಬಹುದಂತೆ, ಅದಕ್ಕೆ ದೋಷವಿಲ್ಲವಂತೆ. "ಕೇಳೋದಕ್ಕೆ ಸಂಕೋಚ ಆಗುತ್ತೆ ಅಮ್ಮಾ. ಅವರು ಇದ್ದಾರಾ, ಹೋಗಿದ್ದಾರಾ?"

ಹೋಗಿದ್ದಾರೆ ಅಂತ ಟೈಪ್ ಮಾಡಿದೆ. ಸುಳ್ಳೂ ಅಲ್ಲ, ಹೋಗಿದ್ದೀಯಲ್ಲ. ವರ್ಡೀ ನನ್ನ ಹಿಂದೆ ನಿಂತು ಓದುತ್ತಿದ್ದಳು. "ಲೊರೀನ್, ಹೋದ ಭಾನುವಾರ ಪೆಟ್ರೋಲ್ ಬಂಕಿನ ಹೋಟ್ಲಲ್ಲಿ ಎರಡು ತಟ್ಟೆ ಬನ್ನಿನಂಥ ಬಿಸ್ಕತ್ತು ಗ್ರೇವಿ ಹೊಡೀತಿದ್ದ ಕಣೆ, ನಾನೇ ನೋಡಿದೀನಿ. ಸತ್ತವರು ಎರಡನೇ ತಟ್ಟೆ ತಗೊಳ್ಳಲ್ಲ" ಅಂದಳು. ಅಳಿಸಿದೆ. ಇದ್ದಾರೆ ಅಂತ ಟೈಪ್ ಮಾಡಿದೆ. ಅದನ್ನೂ ಕಳಿಸಲು ಬೆರಳು ಬರಲಿಲ್ಲ. ಇದ್ದಾರೆ ಅಂದರೆ ಎಲ್ಲಿದ್ದಾರೆ, ಯಾರಿಗಿದ್ದಾರೆ ಅಂತ ಅವನು ಕೇಳಿದರೆ ನಾನೇನು ಹೇಳಲಿ? ಆ ಮುದುಕ ಬಿಡುವವನಲ್ಲ, ಕೇಳಿಯೇ ಕೇಳುತ್ತಾನೆ.

ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನನ್ನು ಯಾವ ಲೆಕ್ಕಕ್ಕೆ ಹಿಡಿಯಲಿ, ನೀನೇ ಹೇಳು. ಇಲ್ಲದಿದ್ದರೆ ಬಂದು ಚಾಕು ಮುಚ್ಚಿಹೋಗು. ನಾನು ಅದನ್ನು ಪ್ಯಾಕ್ ಮಾಡುತ್ತೇನೆ, ನೀನು ನೆಟ್ಟಿಯ ಮನೆಗೆ ಹೋಗಬಹುದು, ಅಲ್ಲಿಗೆ ಎಲ್ಲಾ ಮುಗಿಯಿತು. ಕೂತುಕೊಳ್ಳಬೇಕು ಅಂತ ಏನಿಲ್ಲ. ಬುಧವಾರವಾದರೆ ಬೀನ್ಸು ಬೇಯಿಸಿರುತ್ತೇನೆ, ಕಾರ್ನ್‌ಬ್ರೆಡ್ ಕೂಡ ಇರುತ್ತದೆ, ಅದು ನನಗೆ ಮಾಡಿಕೊಳ್ಳುವುದು. ಈ ವರ್ಷ ಹಿತ್ತಲಿನ ಮರದಲ್ಲಿ ಸೇಬು ಬೇಜಾನ್ ಬಿಟ್ಟಿದೆ. ಕೋಳಿಗಳಿಗೂ ಸಾಕಾಗಿದೆ.

ನಿನ್ನ (ಇದು ಅಭ್ಯಾಸಬಲದಿಂದ ಬರೆದಿದ್ದು),
ಲೊರೀನ್

ಮರೆತ ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿದ ಮೇಲೆ ಒಂದು ಯೋಚನೆ ಬಂತು. ಎಲ್ಲಾ ಚಾಕುಗಳ ಸದ್ದನ್ನೂ ಊರೂರಿನವರಿಗೆ ಫೋನಿನಲ್ಲಿ ಕೇಳಿಸಿದೆ, ಇದೊಂದನ್ನು ನನ್ನ ಕೈಯಿಂದ ಕೇಳಲೇ ಇಲ್ಲವಲ್ಲ ಅಂತ. ತಡೆಯಲಾಗಲಿಲ್ಲ, ಮುಚ್ಚಿಬಿಟ್ಟೆ. ಭಾನುವಾರ ನಾನು ಅಡುಗೆಮನೆಯಲ್ಲಿ ನಿಂತಾಗ ಊಟದ ಮನೆಯಿಂದ ಕೇಳಿಸುತ್ತಿತ್ತಲ್ಲ, ಅದೇ ಸದ್ದು. ಕೇಳಿದ ಮೇಲೆ ಆಗಿಬರುವುದಿಲ್ಲ ಅನ್ನುವುದು ನೆನಪಾಗಿ ಮತ್ತೆ ತೆರೆದಿಟ್ಟೆ. ಈಗ ತೆರೆದವಳು ನಾನು, ಆದ್ದರಿಂದ ಮುಚ್ಚಬೇಕಾದವಳೂ ನಾನೇ. ಚಾಕುವಿಗಾಗಿ ನೀನು ಬರಬೇಕಾಗಿಲ್ಲ. ಬಾ.