ಮೂರನೆಯ ಕಂಪನಿ

ಮಾರ್ಚ್ 4
ಇವತ್ತೂ ಲ್ಯಾಬಿನಲ್ಲಿ ಅದೇ ಆಟ. ಮೂವರು ವಿದ್ಯಾರ್ಥಿಗಳು, ಮೂರು ಕಂಪನಿ, ಒಂದೇ ಮಾರುಕಟ್ಟೆ. ಎಷ್ಟು ಸರಕು ತಯಾರಿಸುವುದೆಂದು ಪ್ರತಿ ಸುತ್ತಿನಲ್ಲೂ ಒತ್ತಬೇಕು. ಎಲ್ಲರೂ ಕೈ ಬಿಗಿಹಿಡಿದರೆ ಬೆಲೆ ನಿಲ್ಲುತ್ತದೆ, ಎಲ್ಲರಿಗೂ ಲಾಭ. ಆದರೆ ಒಬ್ಬರು ಹೆಚ್ಚು ತಯಾರಿಸಿ ಗೆದ್ದರೆ, ಅವರನ್ನು ನೋಡಿ ಉಳಿದವರೂ ಸುರಿಯುತ್ತಾರೆ—ಮೂವರೂ ಮುಳುಗುತ್ತಾರೆ. ಗೊಣಗಣ್ಣನ ಪಿಎಚ್‌ಡಿ ನಿಂತಿರುವುದೇ ಹೀಗೆ ಮುಳುಗುತ್ತಾರೆ ಎಂಬುದರ ಮೇಲೆ. ಪಕ್ಕದ ಮೇಜಿನವನು. ಎಸಿ ಹಾಕಿದರೂ ಗೊಣಗು, ಆರಿಸಿದರೂ ಗೊಣಗು.

ಕೊನೆಯ ಗುಂಪಿಗೆ ಒಬ್ಬಳು ಕೈಕೊಟ್ಟಳು. ಹಾಗಾದರೆ ಉಳಿದಿಬ್ಬರನ್ನೂ ವಾಪಸ್ ಕಳಿಸಬೇಕು, ಅದು ನಿಯಮ. ಆಟ ಆಡಿಸುವವಳು ನಾನು; ಕಳಿಸಲಿಲ್ಲ. ಹೋದ ವಾರವೂ ಹೀಗೇ ಆಗಿ ಲ್ಯಾಬ್ ನಡೆಸುವ ಮೇಡಂ ಸಿಡುಕಿದ್ದರು. ಒಳಗಿನ ರೂಮಿನಲ್ಲಿ ನಾನೇ ಮೂರನೇ ಕಂಪನಿಯಾಗಿ ಕೂತೆ. ಕಡಿಮೆ ಒತ್ತುತ್ತಾ ಹೋದೆ. ಪಾಪ, ಅವರೂ ನೋಡಿ ಕಲಿತರು.

ಮಾರ್ಚ್ 9
ಮೇಡಂ ಕುಣಿಯುವುದೊಂದು ಬಾಕಿ. "ನೋಡಮ್ಮ, ಆ ಕೊನೇ ಗುಂಪಿನೋರು ಯಾರೂ ಹೇಳ್ಕೊಡದೆ ಹೊಂದ್ಕೊಂಡಿದಾರೆ!" ಸೆಮಿನಾರಿನಲ್ಲಿ ಇದನ್ನೇ ಹೇಳುತ್ತಾರಂತೆ. "ಹೌದು ಮೇಡಂ" ಅಂದೆ.

ಮಾರ್ಚ್ 10
ಊಟ ಸೇರುತ್ತಿಲ್ಲ. "ಯಾರ ಜೊತೇನೇ ಜಗಳ?" ಅಂದಳು ಅಮ್ಮ.

ಮಾರ್ಚ್ 13
ಮೇಡಂ ಗೊಣಗಣ್ಣನಿಗೆ ಹೇಳಿದರು: "ಇರೋದೇ ನಾಲ್ಕು ಗುಂಪು. ಅದ್ರಲ್ಲೊಂದು ಉಲ್ಟಾ ಹೊಡೀತಲ್ಲಪ್ಪ. ಆ ಅಧ್ಯಾಯ ನಿಲ್ಲಲ್ಲ." ಜೂನ್‌ಗೆ ಅವನ ಸ್ಕಾಲರ್‌ಶಿಪ್ ಮುಗಿಯುತ್ತದೆ. ನಾನು ಅಲ್ಲೇ ಇದ್ದೆ. ಪೆನ್ನಿನ ಮುಚ್ಚಳ ತಿರುಗಿಸುತ್ತಾ.

ಮಾರ್ಚ್ 17
ಮೇಡಂ ಕರೆದರು.
"ಆ ಗುಂಪಿನ ಮೂರನೇ ಹುಡುಗಿ ಯಾವ ಕಂಪ್ಯೂಟರ್‌ನಲ್ಲಿ ಕೂತಿದ್ಲು?"
"ಏಳರಲ್ಲಿ, ಮೇಡಂ."
ಏಳು ಕೆಟ್ಟು ತಿಂಗಳಾಯಿತು. ರಿಪೇರಿಗೆ ಬರೆದವರೇ ಅವರು. ಕನ್ನಡಕ ಒರೆಸಿಕೊಂಡರು. ನನ್ನ ಮುಖ ನೋಡಿದರು. "ಸರಿ, ಹೋಗು."

ಅವರಿಗೆ ಗೊತ್ತು. ಗೊತ್ತೆಂದು ನನಗೂ ಗೊತ್ತು. ಒಂದು ಮಾತೂ ಆಡದೆ ಇಬ್ಬರೂ ಹೊಂದಿಕೊಂಡೆವು. ಆ ಹುಡುಗರಿಗೆ ಎಷ್ಟೋ ಸುತ್ತು ಬೇಕಾಗಿತ್ತು, ನಮಗೆ ಒಂದೇ ಸಾಕಾಯಿತು. ಥೂ. ನನ್ನ ಮೇಲೆ ನನಗೇ ಹೇಸಿಗೆ.

ಮಾರ್ಚ್ 24, ಮಧ್ಯಾಹ್ನ
ಗೊಣಗಣ್ಣ ಟೀ ತಂದುಕೊಟ್ಟ. "ಆ ಅಧ್ಯಾಯ ತೆಗೆದೇಬಿಟ್ಟೆ ಕಣೆ. ಹೋಗ್ಲಿ ಬಿಡು, ಜನ ನಾನಂದ್ಕೊಂಡಷ್ಟು ಕೆಟ್ಟೋರಲ್ಲ ಅಂತಾಯ್ತಲ್ಲ." ನಕ್ಕ. ಅವನ ಗೊಣಗಾದರೂ ಕೇಳಬಹುದಿತ್ತು, ಈ ನಗು ತಡೆಯಲಾಗುತ್ತಿಲ್ಲ.

ಸಂಜೆ
ಆ ಅಧ್ಯಾಯದ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದಾನೆ. ಪಕ್ಕದಲ್ಲೇ. ಹೇಳುತ್ತೇನೆ. ಈಗಲೇ. ಈ ಸಾಲು ಮುಗಿದ ಕೂಡಲೇ