ಅರವತ್ತನಾಲ್ಕು ಹುಣಸೆ ಬೀಜ

ಆಯಿ,

ನಿನಗೆ ಓದಲು ಬರುತ್ತಿರಲಿಲ್ಲ. ಈಗ ನೀನೇ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ನಿನ್ನ ಕಿರಿಯ ಮೊಮ್ಮಗಳು, ತಂಗಿ ಮಹಾನಂದಾ, ನಿನ್ನ ಡಬ್ಬಿ ತೆಗೆದಳು. ಬಿಜ್ಜರಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ಚೌಕಾಬಾರಾ ಆಟಕ್ಕೆಂದು ನೀನು ಒಂದು ಮಗ್ಗುಲು ತಿಕ್ಕಿ ಬಿಳಿ ಮಾಡಿದ ಹುಣಸೆ ಬೀಜ ಅರವತ್ತನಾಲ್ಕು ಇದ್ದವು. ವಿಕಿರಣದ ಪಾಠಕ್ಕೆ ಅವಳು ಗ್ರಾಫ್ ಬರೆಯಬೇಕಿತ್ತು. ಎಲ್ಲವನ್ನೂ ಚೆಲ್ಲಿ, ಬಿಳಿ ಬಿದ್ದವನ್ನು ತೆಗೆದಿಟ್ಟು, ಉಳಿದವನ್ನು ಎಣಿಸಿ ಚುಕ್ಕೆ ಇಟ್ಟಳು; ಉಳಿದವನ್ನೇ ಮತ್ತೆ ಮತ್ತೆ ಚೆಲ್ಲಿದಳು. ಮೂವತ್ತೊಂದು, ಹದಿನೇಳು, ಎಂಟು, ಮೂರು. ಗೆರೆ ಬಾಗುತ್ತ ಇಳಿಯಿತು.

"ಒಮ್ಮೆ ಚೆಲ್ಲಿದರ ಅರ್ಧ ಹೋಗ್ತಾವ. ಹಂಗ ಅರ್ಧ ಹೋಗಾಕ ಹಿಡಿಯೋ ವ್ಯಾಳ್ಯಾಕ್ಕ ಅರ್ಧಾಯುಷ್ಯ ಅಂತಾರ. ಗೆರಿ ನೋಡಿ ಮುಂದ ಎಷ್ಟು ಉಳೀತಾವ ಅಂತ ಅಂದಾಜು ಹೇಳಬಹುದು," ಎಂದಳು.

"ಯಾವ ಬೀಜ ಯಾವಾಗ ಹೋಗ್ತದ?" ಎಂದು ಕೇಳಿದೆ.

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲ ಅಕ್ಕಾ. ಇಷ್ಟು ಪುಸ್ತಕ ಓದೀದಿ, ಇದು ಗೊತ್ತಿಲ್ಲೇನು?"

ನಾನು ಕೊನೆಯ ಸಲ ಊರಿಗೆ ಬಂದಿದ್ದಾಗ ನೀನು ಚೌಕಾಬಾರಾದ ಮನೆ ಬರೆದು, "ಒಂದಾಟ ಆಡೂಣು ಬಾ ಬೇ" ಎಂದು ಕರೆದಿದ್ದೆ. ನಾನು ಪುಸ್ತಕದಿಂದ ತಲೆ ಎತ್ತದೆ, ಪರೀಕ್ಷೆ ಮುಗಿಯಲಿ ಅಂದೆ. ಪರೀಕ್ಷೆ ಮುಗಿಯುವ ಮೊದಲೇ ನಿನ್ನ ಮಣ್ಣಿಗೆ ಬಂದೆ.

ಕೊನೆಗೆ ಒಂದೇ ಬೀಜ ಉಳಿಯಿತು. ನಾಲ್ಕು ಸಲ ಚೆಲ್ಲಿದರೂ ಕಪ್ಪಾಗಿಯೇ ಬಿತ್ತು. "ನೀ ಒಮ್ಮೆ ಚೆಲ್ಲು," ಎಂದು ಮಹಾನಂದಾ ಅದನ್ನು ನನ್ನ ಕೈಗಿಟ್ಟಳು.

ನಾನು ಚೆಲ್ಲಲಿಲ್ಲ. ಅವಳ ಗ್ರಾಫ್ ಒಂದರಲ್ಲೇ ನಿಂತಿದೆ. ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ, ಬೀಜ ಎಡಗೈಯಲ್ಲಿದೆ.