ಅಕ್ಕನ್ನ ತೆಗಿ

ಸ್ಟುಡಿಯೋ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಗುಬ್ಬಿ,

ನಾನು ಕ್ಷೇಮ. ನಿನ್ನ ಕ್ಷೇಮ ಲಕೋಟೆಯ ದಪ್ಪ ನೋಡಿದಾಗಲೇ ಗೊತ್ತಾಯಿತು. ಎಂಟು ಪುಟದ ಪತ್ರ, ಹನ್ನೆರಡು ಚಿತ್ರಗಳ ಪ್ರಿಂಟು, ಕೊನೆಯಲ್ಲಿ ಪರೀಕ್ಷೆಯ ಹಾಗೆ ಸಾಲಾಗಿ ಪ್ರಶ್ನೆಗಳು. ನನ್ನ ಹುಟ್ಟುಹಬ್ಬಕ್ಕೆ ಒಂದು ಸಾಲು ಬರೆಯಲು ಪುರುಸೊತ್ತಿಲ್ಲದವಳು, ಕ್ಯಾಮೆರಾ ಕೊಳ್ಳುವ ಮಾತು ಬಂದರೆ ಎಷ್ಟು ಚೆನ್ನಾಗಿ ಬರೆಯುತ್ತೀಯ! ಫೋನು ಮಾಡಿ ಹೇಳಬಹುದಿತ್ತಲ್ಲ ಎಂದು ನಿನಗನ್ನಿಸಬಹುದು. ಫೋನಿನಲ್ಲಿ ನೀನು ಅತ್ತುಬಿಡುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಚಿಕ್ಕಂದಿನಿಂದ ನೀನು ಗೆದ್ದುಕೊಂಡು ಬಂದಿರುವುದೇ ಹಾಗೆ. ಅದಕ್ಕೇ ಈ ಕಾಗದ.

ಪತ್ರಿಕೆಯವರು ಛಾಯಾಗ್ರಾಹಕರ ಒಂದೇ ಒಂದು ಹುದ್ದೆಗೆ ಅರ್ಜಿ ಕರೆದಿದ್ದಾರೆ. ಮೂವತ್ತು ದಾಟಿದವರು ಬೇಡವಂತೆ. ನಿನಗೆ ಬರುವ ತಿಂಗಳು ಮೂವತ್ತು ತುಂಬುತ್ತದೆ. ಇದೊಂದು ಕೈತಪ್ಪಿದರೆ ಆ ಕ್ಯಾಟಲಾಗ್ ಕಂಪನಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಚಿತ್ರಗಳಲ್ಲಿ ಚಪ್ಪಲಿಯ ಹಿಂದಿನ ಗೋಡೆ, ಕುಕ್ಕರಿನ ಹಿಂದಿನ ಗೋಡೆ ಅಳಿಸುತ್ತಲೇ ಮುದುಕಿಯಾಗಬೇಕು. ಇದನ್ನು ಮೂರು ಕಡೆ ಬರೆದಿದ್ದೀಯ. ಒಂದು ಕಡೆ ಬರೆದಿದ್ದರೂ ನನಗೆ ಅರ್ಥವಾಗುತ್ತಿತ್ತು. ಹನ್ನೆರಡು ಚಿತ್ರಗಳನ್ನು ಆಗಲೇ ಕಳಿಸಿಯಾಗಿದೆ, ಕೆಲಸ ಕಲಿಸಿದವರು ಯಾರೆಂದು ಕೇಳಿದ ಜಾಗದಲ್ಲಿ ನನ್ನ ಫೋನ್ ನಂಬರ್ ಕೊಟ್ಟಾಗಿದೆ, ಆಮೇಲೆ ನನಗೆ ತಿಳಿಸಿದ್ದೀಯ. ಇರಲಿ. ಮುಂದಿನ ವಾರ ಸ್ವಂತ ಕ್ಯಾಮೆರಾದಲ್ಲಿ ಒಂದು ದಿನದ ಕೆಲಸ ಮಾಡಿ ತೋರಿಸಬೇಕು, ಯಾವುದು ಕೊಳ್ಳಲಿ ಎನ್ನುವುದು ನಿನ್ನ ಮೊದಲ ಪ್ರಶ್ನೆ.

ದೊಡ್ಡ ಸೆನ್ಸರಿನದೋ ಚಿಕ್ಕದೋ ಎಂದು ಎರಡು ಪುಟ ತುಂಬಿಸಿದ್ದೀಯ. ಚಿಕ್ಕದು ಸಾಕು, ಯಾರೋ ಬಳಸಿ ಬಿಟ್ಟಿದ್ದಾದರೂ ಸಾಕು. ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವ ಆಸೆಯಿದ್ದರೆ ಮಾತ್ರ ದೊಡ್ಡದು ಕೊಳ್ಳು. ಜೂಮ್ ಲೆನ್ಸ್ ಬೇಡವೇ ಬೇಡ. ಅದಿದ್ದರೆ ನೀನು ರಸ್ತೆಯ ಈಚೆ ನಿಂತು ಆಚೆಯವರ ಮುಖ ಕದಿಯುತ್ತೀಯ. ಐವತ್ತು ಎಂಎಂನ ಒಂದು ಸಾದಾ ಲೆನ್ಸ್ ಹಾಕಿಕೊ. ಮುಖ ದೊಡ್ಡದಾಗಿ ಬೇಕೆಂದರೆ ಕಾಲು ಸವೆಸಬೇಕು, ಎದುರಿಗೆ ಹೋಗಿ ನಿಲ್ಲಬೇಕು, ಬೈದರೆ ಬೈಸಿಕೊಳ್ಳಬೇಕು. ಅಪ್ಪನ ಮರದ ಟ್ರೈಪಾಡ್ ಕಳಿಸು ಎಂದು ಕೇಳಿದ್ದೀಯ. ಕಳಿಸುವುದಿಲ್ಲ. ಅದರ ಒಂದು ಕಾಲು ಸಡಿಲವಾಗಿದೆ, ಯಾವ ಕಾಲೆಂದು ನಿನಗೆ ಗೊತ್ತೂ ಇಲ್ಲ.

ಕೈ ಪಳಗಲು ಏನು ಮಾಡಬೇಕು, ಆನ್‌ಲೈನ್ ಕೋರ್ಸ್ ಸೇರಲೇ ಎಂದಿದ್ದೀಯ. ಬೇಡ. ಒಂದು ಕಿಟಕಿ ಆರಿಸಿಕೊ. ದಿನಾ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಅದನ್ನೇ ತೆಗೆ. ಒಂದು ತಿಂಗಳು. ಬೆಳಕು ಎಷ್ಟು ಮೋಸಗಾರ ಎಂದು ಆಗ ತಿಳಿಯುತ್ತದೆ. ಅಪ್ಪ ನನಗೆ ಹಾಗೇ ಕಲಿಸಿದ್ದು. ನಿನಗೂ ಹೇಳಿದ್ದರು, ನೀನು ನಾಲ್ಕನೇ ದಿನಕ್ಕೇ ಜ್ವರ ಬರಿಸಿಕೊಂಡು ಮಲಗಿದೆ.

ಇನ್ನು ನಿನ್ನ ಚಿತ್ರಗಳು. ಮೊದಲನೆಯದನ್ನು ಆಮೇಲೆ ನೋಡೋಣ. ಎರವಲು ಕ್ಯಾಮೆರಾದಲ್ಲಿ ತೆಗೆದ ಉಳಿದ ಹನ್ನೊಂದರಲ್ಲಿ ಒಂಬತ್ತು ಜನ ಬೆನ್ನು ತೋರಿಸಿ ಕೂತಿದ್ದಾರೆ. ಬಟ್ಟೆ ಹೊಲಿಯುವವಳ ಬೆನ್ನು, ಬಸ್ಸು ತೊಳೆಯುವವನ ಬೆನ್ನು, ಆಸ್ಪತ್ರೆಯ ಬೆಂಚಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡ ಮುದುಕನ ಬೆನ್ನು. ನೀನು ಅರ್ಜಿ ಹಾಕಿದ್ದು ಪತ್ರಿಕೆಗೋ ಬೆನ್ನುಮೂಳೆಯ ಡಾಕ್ಟರಿಗೋ ಎಂದು ನನಗೆ ಅನುಮಾನವೇ ಬಂತು. ಬೆಳಕು ಹೆಚ್ಚಾಗಿ ಬಿಳಿ ಎಲ್ಲ ಸುಟ್ಟುಹೋಗಿದೆ. ಬಣ್ಣವನ್ನು ಎಳೆದು ಎಳೆದು ಆಕಾಶಕ್ಕೆ ಬಟ್ಟೆ ಸೋಪಿನ ನೀಲಿ ಬಂದಿದೆ. ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡ. ಇವು ಕೆಲಸ ಕೊಡಿಸುವ ಚಿತ್ರಗಳಲ್ಲ. ಸುಮಾರಾಗಿವೆ, ಅಷ್ಟೇ.

ಸಾಫ್ಟ್‌ವೇರ್ ತಿಂಗಳ ಬಾಡಿಗೆಯದೋ ಪುಕ್ಕಟೆಯದೋ ಎಂದು ಕೇಳಿದ್ದೀಯ. ಪುಕ್ಕಟೆಯದರಲ್ಲೇ ನಿನಗೆ ಬೇಕಾದ್ದೆಲ್ಲ ಇದೆ. ಯಾವುದೇ ಇರಲಿ, ಒಂದು ಮಾತು ನೆನಪಿಟ್ಟುಕೊ. ಮೂಲದ ಫೈಲನ್ನು ಮುಟ್ಟಬೇಡ. ಮೊದಲು ಇನ್ನೊಂದು ಪ್ರತಿ ಮಾಡಿಕೊ, ಬೇರೆ ಹೆಸರು ಕೊಡು, ಆಮೇಲೆ ನಿನ್ನ ಕೈಚಳಕ. ಕೆಲಸ ಕಲಿಯುವ ಮೊದಲ ದಿನ ಹೇಳುವ ಮಾತು ಇದು. ನಾನು ಒಂಬತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಈಗ ಆ ಮೊದಲನೇ ಚಿತ್ರಕ್ಕೆ ಬರುತ್ತೇನೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ನೀನು. ಅದರ ಕೆಳಗೆ ನೀನು ಬರೆದು ಕಳಿಸಿದ್ದು ಹೀಗೆ: ನಾನು ತೆಗೆದ ಮೊದಲ ಚಿತ್ರ, ಇದನ್ನು ನೋಡಿ ಅಪ್ಪ ಕಣ್ಣೀರಿಟ್ಟರು, ಆ ದಿನವೇ ನಾನು ಛಾಯಾಗ್ರಾಹಕಿಯಾಗಬೇಕೆಂದು ನಿಶ್ಚಯಿಸಿದೆ. ಓದಿ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ.

ಗುಬ್ಬಿ, ಆ ಚಿತ್ರ ತೆಗೆದವಳು ನಾನು. ಟ್ರೈಪಾಡ್ ನಿಲ್ಲಿಸಿ, ಸಡಿಲ ಕಾಲಿಗೆ ರಟ್ಟಿನ ಚೂರು ಕೊಟ್ಟು, ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡಿಬಂದು ಅಪ್ಪನ ಎಡಕ್ಕೆ ಕೂತೆ. ಏದುಸಿರು ಬಿಡುತ್ತಿದ್ದೆ, ಒಂದು ಕಾಲಿನ ಚಪ್ಪಲಿ ಕ್ಯಾಮೆರಾದ ಹತ್ತಿರವೇ ಬಿಟ್ಟುಬಂದಿದ್ದೆ. ಅಪ್ಪ ನಕ್ಕಿದ್ದು ಅದಕ್ಕೇ. ಆ ಚಿತ್ರದಲ್ಲಿ ನೀನು ತೆಗೆದದ್ದು ಒಂದನ್ನೇ, ನನ್ನನ್ನು.

ಯಾಕೆ ತೆಗೆದೆ ಎಂದು ನಾನು ಈವರೆಗೆ ಕೇಳಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಪಾರ್ಶ್ವವಾಯು ಹೊಡೆದಮೇಲೆ ಅಪ್ಪನಿಗೆ ಒಂದು ಸಲಕ್ಕೆ ಎರಡು ಮಾತಿನ ಮೇಲೆ ಬರುತ್ತಿರಲಿಲ್ಲ. ಫೋಟೋ ಎನ್ನುವ ಪದಕ್ಕಂತೂ ಅವರ ತುಟಿಯೇ ಕೂಡುತ್ತಿರಲಿಲ್ಲ. ನಲವತ್ತು ವರ್ಷ ಅದನ್ನೇ ಹೇಳಿಕೊಂಡು ಬದುಕಿದವರು, ಆ ಪದವನ್ನೇ ಬಿಟ್ಟು ಮಾತಾಡುವುದನ್ನು ಕಲಿತರು. ನಿನ್ನನ್ನು ಹತ್ತಿರ ಕರೆದು ಅವರು ಹೇಳಿದ್ದು ಎರಡೇ ಮಾತು, "ಅಕ್ಕನ್ನ ತೆಗಿ."

ನೀನು ಆಗ ದಿನವಿಡೀ ಕಂಪ್ಯೂಟರಿನ ಮುಂದೆ. ಬಂದ ಗಿರಾಕಿಗಳೆಲ್ಲ ನಿನ್ನ ಹಿಂದೆ ನಿಂತು ಈ ಮಚ್ಚೆ ತೆಗೀರಿ, ಈ ಕಲೆ ತೆಗೀರಿ, ಪಕ್ಕದಲ್ಲಿರೋ ಇವರನ್ನ ತೆಗೀರಿ ಎನ್ನುವವರೇ. ನಿನ್ನ ಪಾಲಿಗೆ ತೆಗೆಯುವುದೆಂದರೆ ಅಳಿಸುವುದು. ಅಪ್ಪನೋ ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿದವರಲ್ಲ. ಅವರ ಪಾಲಿಗೆ ತೆಗೆಯುವುದೆಂದರೆ ಕ್ಯಾಮೆರಾದ ಹಿಂದೆ ನಿಂತು ತೆಗೆಯುವುದು, ಬೇರೆ ಅರ್ಥವೇ ಇಲ್ಲ. ಹಿಂದಿನ ದಿನ ನಾನು ಅಪ್ಪ ಫಿಲಂ ತೊಳೆಯುತ್ತಿದ್ದ ಕತ್ತಲೆ ಕೋಣೆಯ ಸಾಮಾನುಗಳನ್ನೆಲ್ಲ ಗುಜರಿಯವನಿಗೆ ಕೊಟ್ಟಿದ್ದೆ, ಅಪ್ಪ ಮುಖ ತಿರುಗಿಸಿಕೊಂಡಿದ್ದರು. ನೀನು ಎರಡನ್ನೂ ಕೂಡಿಸಿ ಲೆಕ್ಕ ಬಿಡಿಸಿಬಿಟ್ಟೆ. ಏನಪ್ಪಾ ಹಾಗಂದ್ರೆ ಎಂದು ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಕೇಳದಿರುವುದರಲ್ಲಿ ನಿನಗೆ ಎಷ್ಟು ಸಂತೋಷವಿತ್ತು ಎಂಬುದು ನಿನಗೇ ಗೊತ್ತು.

ಅವರು ಅಂದದ್ದರ ಅರ್ಥ ನನಗೆ ಹೇಗೆ ಗೊತ್ತು ಎನ್ನುತ್ತೀಯ. ಆ ಸಂಜೆ ನಾನು ಅವರಿಗೆ ಶರ್ಟು ಬದಲಿಸುತ್ತಿದ್ದಾಗ, ಆಡುವ ಕೈಯನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಇಲ್ಲದ ಬಟನ್ ಒತ್ತಿ ತೋರಿಸಿದರು. "ತಂಗಿಗೆ ಹೇಳಿದೀನಿ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಂದೇ ಇಲ್ಲ," ಅಂದರು. ಊರಿನವರನ್ನೆಲ್ಲ ತೆಗೆದ ನನ್ನದು ನಿಜವಾಗಿಯೂ ಒಂದೂ ಒಳ್ಳೆಯ ಚಿತ್ರ ಇರಲಿಲ್ಲ. ಅದು ಅವರಿಗೆ ನೆನಪಾಗಿತ್ತು. ಅವರ ಕೋಪವೆಲ್ಲ ಇಳಿದುಹೋಗಿತ್ತು, ಗುಬ್ಬಿ. ನಾನು ಅವರ ಗುಂಡಿ ಹಾಕುತ್ತಾ ಅತ್ತೆ, ಅವರಿಗೆ ಕಾಣದ ಹಾಗೆ.

ಮರುದಿನ ನೀನು ಕಟ್ಟು ಹಾಕಿಸಿದ ಪ್ರಿಂಟು ತಂದು ಅವರ ತೊಡೆಯ ಮೇಲಿಟ್ಟೆ. ಎಷ್ಟು ಉತ್ಸಾಹ ನಿನಗೆ! ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ನನ್ನ ಜಾಗದಲ್ಲಿ ಗೋಡೆಯಿತ್ತು. ಗೋಡೆಯ ಮೇಲಿನ ಒಂದೇ ತೇವದ ಕಲೆಯನ್ನು ನೀನು ಮೂರು ಕಡೆ ಅಂಟಿಸಿದ್ದೆ, ಒಂದರ ಪಕ್ಕ ಒಂದು. ಆಗ ಅವರು ಅತ್ತದ್ದು. ಬಾಯಿ ತೆರೆದರು, ಮಾತು ಬರಲಿಲ್ಲ. ನೀನು ಓಡಿಹೋಗಿ ಪಕ್ಕದಂಗಡಿಯವರಿಗೆಲ್ಲ ಹೇಳಿಕೊಂಡು ಬಂದೆ, ನನ್ ಕೆಲ್ಸ ನೋಡಿ ಅಪ್ಪ ಅತ್ತೇಬಿಟ್ರು ಅಂತ. ಹನ್ನೊಂದು ದಿನಕ್ಕೆ ಅವರು ಹೋದರು. ನಾನು ಮೂಲದ ಫೈಲು ಹುಡುಕಿದೆ. ನೀನು ಅದರ ಮೇಲೆಯೇ ಸೇವ್ ಮಾಡಿದ್ದೆ. ನಾನೂ ಅಪ್ಪನೂ ಜೊತೆಗಿದ್ದ ಚಿತ್ರ ಅದೊಂದೇ.

ಇಷ್ಟು ವರ್ಷ ಯಾಕೆ ತುಟಿ ಬಿಚ್ಚಲಿಲ್ಲ ಎಂದು ನಿನಗೆ ಕೋಪ ಬರಬೇಕು. ಮೊದಮೊದಲು ಪಾಪ ಅನ್ನಿಸಿತು. ಇಪ್ಪತ್ತೊಂದರ ಹುಡುಗಿ, ಅಪ್ಪ ಇಲ್ಲ, ಅವರು ಮೆಚ್ಚಿದರು ಎಂಬ ಒಂದು ಮಾತನ್ನು ಹಿಡಿದುಕೊಂಡು ಓಡಾಡುತ್ತಿದ್ದಾಳೆ, ಅದನ್ನೂ ಕಿತ್ತುಕೊಳ್ಳುವುದು ಹೇಗೆ ಎಂದು ಸುಮ್ಮನಾದೆ. ಆಮೇಲೆ ನೀನು ಬಿಟ್ಟುಹೋದೆ, ಸ್ಟುಡಿಯೋ ನನ್ನ ತಲೆಯ ಮೇಲೆ ಬಿತ್ತು. ಬಂದವರು ಗೋಡೆಗೆ ತೂಗುಹಾಕಿದ್ದ ಆ ಚಿತ್ರ ನೋಡಿ, ಆವತ್ತು ನೀವು ಇರಲಿಲ್ವಾ ಎಂದು ಕೇಳುತ್ತಿದ್ದರು. ಇರಲಿಲ್ಲ ಎನ್ನುತ್ತಿದ್ದೆ. ಒಂದೊಂದು ಸಲ ಹಾಗೆ ಹೇಳಿದಾಗಲೂ, ನಿನಗೆ ಹೇಳಬೇಕಾದ ಮಾತನ್ನು ಇನ್ನಷ್ಟು ದಿನ ಇಟ್ಟುಕೊಳ್ಳುವುದರಲ್ಲಿ ನನಗೊಂದು ಸಮಾಧಾನ ಸಿಗುತ್ತಿತ್ತು. ಕೆಟ್ಟ ಸಮಾಧಾನ. ಒಪ್ಪಿಕೊಳ್ಳುತ್ತೇನೆ.

ನೀನು ಆ ಚಿತ್ರವನ್ನು ಪತ್ರಿಕೆಗೆ ಕಳಿಸದೆ ಇದ್ದಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ. ಅವರ ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದೆ, ನೀನೇ ನಕಲು ಕಳಿಸಿದ್ದೀಯ: ಚಿತ್ರ ಸ್ವಂತದ್ದಾಗಿರಬೇಕು, ಅದಕ್ಕೆ ಏನನ್ನೂ ಸೇರಿಸಿರಬಾರದು, ಅದರಿಂದ ಏನನ್ನೂ ತೆಗೆದಿರಬಾರದು. ಕ್ಯಾಮೆರಾ ಯಾವುದು ಎಂದು ಎರಡು ಪುಟ ಬರೆಯುವ ಬದಲು ಆ ಒಂದು ಸಾಲು ಓದಬಹುದಿತ್ತು.

ಆದರೂ ನಿನ್ನ ಅಕ್ಕ ನಾನು. ಒಂದು ದಾರಿ ಹೇಳುತ್ತೇನೆ. ಈ ಕಾಗದ ಕೈಸೇರಿದ ದಿನವೇ ಅಲ್ಲಿಯ ಚಿತ್ರ ವಿಭಾಗದ ಮುಖ್ಯಸ್ಥರಿಗೆ ಬರೆ. ಮೊದಲನೆಯದು ನನ್ನ ಚಿತ್ರವಲ್ಲ, ಗೊತ್ತಿಲ್ಲದೆ ಆದ ತಪ್ಪು, ಹಿಂದಕ್ಕೆ ಪಡೆಯುತ್ತೇನೆ ಎಂದು ನೇರವಾಗಿ ಹೇಳು. ಅವರು ನನ್ನನ್ನು ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ಮೋಸ ಮಾಡಲು ಮಾಡಿದ್ದಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಿನ್ನ ಬಗ್ಗೆ ನನಗಿರುವ ಸಿಟ್ಟು ಬೇರೆ, ನಿನ್ನ ಅನ್ನ ಬೇರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರದೆ ನೋಡಿ ನೋಡಿ ಕಣ್ಣು ಉರಿಯುತ್ತದೆ ಎಂದಿದ್ದೀಯ, ಗಂಟೆಗೊಮ್ಮೆ ಎದ್ದು ದೂರದ್ದನ್ನು ನೋಡು.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ಮರೆತ ಮಾತು: ಸಹಿ ಹಾಕಿ ಕಾಗದ ಮಡಚುವಷ್ಟರಲ್ಲಿ ಆ ಮುಖ್ಯಸ್ಥರದೇ ಫೋನು ಬಂತು. ತುಂಬಾ ಮೆದುವಾಗಿ ಮಾತಾಡುವ ಮನುಷ್ಯ. ನಿನ್ನ ಹನ್ನೊಂದು ಚಿತ್ರಗಳನ್ನು ಹತ್ತು ನಿಮಿಷ ಹೊಗಳಿದರು. ಮುಖ ತೋರಿಸದೆ ಮನುಷ್ಯರನ್ನ ಹೀಗೆ ತೋರಿಸೋದು ಕಲಿಸಿ ಬರೋದಲ್ಲ ಮೇಡಂ ಅಂದರು. ಅದು ನಿಜ. ನನಗೆ ಲಕೋಟೆ ಬಿಚ್ಚಿದ ಕೂಡಲೇ ಗೊತ್ತಾಗಿತ್ತು, ಮೇಲೆ ಮಾತ್ರ ಬೇರೆಯೇ ಬರೆದಿದ್ದೇನೆ. ಆಮೇಲೆ ಅವರು, ಮೊದಲನೆಯದರಲ್ಲಿ ಯಾರನ್ನೋ ಅಳಿಸಿದ ಹಾಗಿದೆ, ಚಿಕ್ಕ ವಯಸ್ಸಲ್ಲಿ ಗೊತ್ತಿಲ್ಲದೆ ಮಾಡಿದ್ದು ಅಂದ್ರೆ ಅದೊಂದನ್ನ ಪಕ್ಕಕ್ಕಿಟ್ಟು ಕೆಲಸ ಕೊಡ್ತೀವಿ, ನಿಮ್ಮ ಒಂದು ಮಾತು ಸಾಕು ಅಂದರು. ಆ ಕಡೆ ಅವರು ಕಾಯುತ್ತಿದ್ದರು. ಗೊತ್ತಿದ್ದೇ ಮಾಡಿದಳು ಎಂದೆ.